ವಂಶವಾಹಿ ಹೊತ್ತ ಕೊಬ್ಬಿನ ಹನಿ

ನಾನು ಒಂದು ಕೊಬ್ಬಿನ ಹನಿ. ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ಒಂದು ಸಾಸಿವೆ ಕಾಳಿನ ಮೇಲೆ ನನ್ನಂಥವು ಕೋಟಿಗಟ್ಟಲೆ ಕೂರಬಹುದು. ಹುಬ್ಬಳ್ಳಿಯ ಒಂದು ಪ್ರಯೋಗಶಾಲೆಯಲ್ಲಿ ಸ್ಪಿರಿಟಿನಲ್ಲಿ ಕರಗಿದ ಕೊಬ್ಬೂ ನೀರಿನಲ್ಲಿದ್ದ ಡಿಎನ್‌ಎಯೂ ಕೂದಲೆಳೆಯಂಥ ಎರಡು ಕೊಳವೆಗಳಿಂದ ಬಂದು ಕೂಡಿದವು. ಕಡುಬು ಹೂರಣವನ್ನು ಒಳಗಿಟ್ಟುಕೊಳ್ಳುವ ಹಾಗೆ ನಾನು ಆ ಡಿಎನ್‌ಎಯನ್ನು ಒಳಗಿಟ್ಟುಕೊಂಡೆ. ಅದೇ ನನ್ನ ಹುಟ್ಟು.

ನೀಲಾಂಬಿಕೆ ಎಂಬ ಹತ್ತೊಂಬತ್ತರ ಹುಡುಗಿಯ ಶ್ವಾಸಕೋಶಕ್ಕೆ ಸರಿಯಾದ ವಂಶವಾಹಿಯನ್ನು ಮುಟ್ಟಿಸುವುದು ನನ್ನ ಕೆಲಸ. ಆ ವಂಶವಾಹಿ ಕೆಟ್ಟಿದ್ದರಿಂದ ಅವಳಿಗೆ ಹುಟ್ಟಿದಾಗಿನಿಂದ ಕಫ ಅಂಟಿನಂತೆ ಗಟ್ಟಿ. ಹಿಂದೆ ಇಂಥ ಹೊರೆಯನ್ನು ಹಲ್ಲು ಕಿತ್ತ ವೈರಸ್ಸುಗಳು ಹೊರುತ್ತಿದ್ದವು. ಆದರೆ ಒಮ್ಮೆ ಕಂಡ ಕಳ್ಳನಿಗೆ ದೇಹ ಎರಡನೆಯ ಸಲ ಬಾಗಿಲು ತೆಗೆಯುವುದಿಲ್ಲವಂತೆ. ನಮ್ಮನ್ನಾದರೆ ತಿಂಗಳು ತಿಂಗಳೂ ಕಳಿಸಬಹುದು ಎಂಬ ಆಸೆ ಪ್ರಯೋಗಶಾಲೆಯವರಿಗೆ.

ಆ ವೈರಸ್ಸುಗಳೊಡನೆ ಹದಿನಾಲ್ಕು ವರ್ಷ ದುಡಿದ ಕೈ ಪ್ರಯೋಗಶಾಲೆಯ ಗುಂಡೇರಾಯರದು. ಅವನ್ನು ಕಡುಹಿಮದ ಪೆಟ್ಟಿಗೆಯಲ್ಲಿಡುವುದೇ ಪದ್ಧತಿ. ಶನಿವಾರ ಮನೆಗೆ ಹೊರಟ ರಾಯರು ಅಭ್ಯಾಸಬಲದಿಂದ ನಮ್ಮ ಸೀಸೆಯನ್ನೂ ಅಲ್ಲೇ ಇಟ್ಟರು. ನಮಗೆ ಬೇಕಾದದ್ದು ಬರಿಯ ತಂಪು. ಹೆಪ್ಪುಗಟ್ಟಿದಾಗ ಒಬ್ಬರ ಮೈ ಒಬ್ಬರಿಗೆ ಅಂಟಿತು; ಮೈ ಒಡೆದು ಹೊರೆ ಸೋರಿತು. ಸೋಮವಾರ ಅವರೇ ಕಂಡು ತಂಪಿನ ಪೆಟ್ಟಿಗೆಗೆ ಬದಲಿಸಿದರು.

“ಕರಗೇದಲ್ಲ, ಏನೂ ಆಗಂಗಿಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು. ಬೇರೆ ಯಾರಿಗೂ ಹೇಳಲಿಲ್ಲ. ಆಗಿನಿಂದ ನಾನು ಅವರನ್ನು ನಂಬಲಿಲ್ಲ, ನನ್ನನ್ನೂ ನಂಬಲಿಲ್ಲ.

ಆಸ್ಪತ್ರೆಯಲ್ಲಿ ನೀಲಾಂಬಿಕೆಯ ಪಕ್ಕ ಅವಳ ತಾಯಿ ಶಿವಗಂಗವ್ವ ಕುಳಿತಿದ್ದಳು. ಮೂವತ್ತು ವರ್ಷ ಮಜ್ಜಿಗೆ ಕಡೆದ ಹೆಂಗಸು. ನರ್ಸು ಸೀಸೆ ಎತ್ತಿದೊಡನೆ ತಡೆದಳು.

“ನಿಂದರ್ರಿ ಸಿಸ್ಟರ್. ಹೋದ ತಿಂಗಳದ್ದು ತುಸು ನೀಲಿ ಹೊಡೀತಿತ್ತು. ಇದರಾಗ ಬೆಣ್ಣಿ ಕಾಳು ತೇಲಿದಂಗ ಐತಿ. ಒಡದೈತಿದು.”

“ಅವ್ವಾ, ಇದು ನಿನ್ನ ಗಡಿಗಿ ಮಜ್ಜಿಗಿ ಅಲ್ಲ,” ಎಂದಳು ಮಗಳು.

“ಯಾವುದಾದ್ರೇನು, ಒಡದದ್ದು ಒಡದದ್ದ. ಎದಿಯಾಗ ಎಳಕೊಳ್ಳಾಕಿ ನೀನು.”

ಡಾಕ್ಟರ್ ರೇಷ್ಮಾ ಮುಲ್ಲಾ ಬಂದರು. ನಾಳೆ ಸಂಜೆಯೊಳಗೆ ಔಷಧಿ ಹೋಗದಿದ್ದರೆ ಈ ಹೊಸ ಔಷಧಿಯ ಪರೀಕ್ಷೆಯಿಂದ ಮಗಳ ಹೆಸರು ತೆಗೆಯಬೇಕಾಗುತ್ತದೆ ಎಂದು ತಿಳಿಸಿ ಹೇಳಿದರು. ಆ ಹುಡುಗಿಯ ರೋಗಕ್ಕೆ ಬೇರೆ ಚಿಕಿತ್ಸೆ ಇರಲಿಲ್ಲ.

ಶಿವಗಂಗವ್ವ ಸೀಸೆಯ ಮೇಲೆ ಅಂಗೈ ಮುಚ್ಚಿದಳು. “ತೆಗೀರಿ ಹಂಗಾರ. ಇದನ್ನ ಮಾತ್ರ ಬ್ಯಾಡ್ರಿ.”

ಡಾಕ್ಟರು ಸೀಸೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಫೋನು ಮಾಡಿ, “ರಾಯರ, ಇದನ್ನೆಲ್ಲಿಟ್ಟಿದ್ರಿ?” ಎಂದು ಕೇಳಿದರು. ರಾಯರು ಶನಿವಾರದ ಕಡುಹಿಮದ ಪೆಟ್ಟಿಗೆಯ ಸಂಗತಿ ಹೇಳಿದರು.

“ತಪ್ಪಾಗೇದ್ರಿ ಮೇಡಂ.”

ಅಂದಿನಿಂದ ನಾನು ಮೂಲೆಯ ಹಳದಿ ಕಸದ ಚೀಲದಲ್ಲಿದ್ದೇನೆ; ಇಲ್ಲಿಂದ ಹೋಗುವುದು ಬೆಂಕಿಗೆ. ಜೀವಕೋಶದ ಹೊದಿಕೆಯೂ ಕೊಬ್ಬಿನದೇ; ನೆಂಟರ ವೇಷದಲ್ಲಿ ಅದನ್ನು ನಂಬಿಸಿ ಒಳಹೊಗುವುದು ನಮ್ಮ ಕುಲದ ಕಸುಬು. ಒಬ್ಬ ತಾಯಿಯನ್ನು ನಂಬಿಸಲಾರದೆ ಹೊರಗುಳಿದದ್ದಕ್ಕೆ ನನಗೆ ದುಃಖವಿಲ್ಲ.

ಮರುದಿನ ಮಧ್ಯಾಹ್ನ ಗುಂಡೇರಾಯರೇ ಹೊಸ ಸೀಸೆ ತಂದರು. ಯಾವಾಗ ತುಂಬಿದ್ದು, ಯಾವ ಪೆಟ್ಟಿಗೆ, ದಾರಿಯಲ್ಲಿ ಯಾರ ಕೈಯಲ್ಲಿತ್ತು ಎಂದು ಶಿವಗಂಗವ್ವ ಮೂರು ಸಲ ಕೇಳಿದಳು. ರಾಯರು ನಿಂತೇ ಮೂರು ಸಲವೂ ಹೇಳಿದರು. ಈ ಹೊಸ ಹನಿಗಳು ತಲುಪುತ್ತವೋ ಇಲ್ಲವೋ, ನಾನರಿಯೆ, ಡಾಕ್ಟರೂ ಅರಿಯರು.

“ಎಳಕೋವಾ, ಸಾವಕಾಶ,” ಎಂದಳು ತಾಯಿ. ಔಷಧಿಯನ್ನು ಮಂಜಾಗಿಸುವ ಉಸಿರಿನ ಯಂತ್ರ ಗುಂಯ್‌ಗುಟ್ಟತೊಡಗಿತು.