ತೆಗೆದುಹಾಕಿದ ಹಸಿರು

ಮೂರಡಿ ಅಗಲದ ಫೋಟೊ ಕಾಗದಕ್ಕೆ ಆರುನೂರು, ಇಂಕಿಗೆ ಮುನ್ನೂರು, ಚೌಕಟ್ಟಿಗೆ ಒಂಬೈನೂರು. ಬಣ್ಣ ತಿದ್ದುವುದಕ್ಕೆ ಮಾತ್ರ ಧನಕವಡಿಯ ಫೋಟೊ ಲ್ಯಾಬಿನ ಹೊಳಬಸಪ್ಪ ಯಾರ ಹತ್ತಿರವೂ ದುಡ್ಡು ಕೇಳಿದವನಲ್ಲ. ಟ್ಯೂಬ್‌ಲೈಟಿನಡಿ ತೆಗೆದ ಮದುವೆ ಫೋಟೊಗಳಲ್ಲಿ ಮದುಮಗಳ ಮುಖ ಹಸಿರಾಗಿ ಬರುತ್ತಿತ್ತು. ಕೇಳುವ ಮೊದಲೇ ಆ ಹಸಿರು ತೆಗೆದು ಕೊಡುತ್ತಿದ್ದ.

ಬಿಬವೇವಾಡಿಯ ಹೋಟೆಲಿನ ಲೋಕನಾಥರ ಮಗಳು ಪ್ರಣೀತಾ ಸಂಜೆಯ ಫೋಟೊ ಪ್ರದರ್ಶನಕ್ಕೆ ತಾನು ತೆಗೆದ ಚಿತ್ರ ಒಯ್ಯಲು ಬಂದಾಗ, ಅವನು ಹೆಮ್ಮೆಯಿಂದಲೇ ಮೇಲಿನ ಹೊದಿಕೆ ಸರಿಸಿದ. ಊರಿನಿಂದ ದೂರದ ವೆಲ್ಹೆ ಕಡೆಯ ಗುಡ್ಡ, ಅದರ ಮೇಲೆ ಇದ್ದಿಲಿನಂಥ ಆಕಾಶ, ತುಂಬ ನಕ್ಷತ್ರ.

ಅವಳು ಚಿತ್ರದ ಮೂಲೆಮೂಲೆ ಹುಡುಕಿದಳು. "ಕಾಕಾ, ಹಸಿರು ಎಲ್ಲಿ?"

"ಪೂರಾ ತಗದೀನವಾ. ನಿನ್ನ ಕ್ಯಾಮೆರಾ ಭಾಳ ಹಸಿರು ಹೊಡದಿತ್ತು. ಅದಕ್ಕ ರೊಕ್ಕ ಬ್ಯಾಡ."

"ಕ್ಯಾಮೆರಾದ್ದಲ್ಲ ಕಾಕಾ, ಆಕಾಶದ್ದೇ ಬೆಳಕು ಅದು! ಹಗಲಲ್ಲಿ ಬಿಸಿಲು ಮೇಲಿನ ಗಾಳಿಯ ಆಕ್ಸಿಜನ್ ಒಡೀತದೆ. ರಾತ್ರಿ ಅದು ಮತ್ತೆ ಕೂಡುವಾಗ ಹೊಳೀತದೆ. ಮಂಗಳ ಗ್ರಹದಲ್ಲೂ ಉಂಟಂತೆ. ಬರೀ ಕಣ್ಣಿಗೆ ಕಾಣೋದಿಲ್ಲ, ಅದಕ್ಕೇ ರಾತ್ರಿಯಿಡೀ ಕೂತು ತೆಗೆದದ್ದು."

"ಚ್ಯಾಷ್ಟಿ ಮಾಡಬ್ಯಾಡ. ನಾವು ಉಸರಾಡೋ ಗಾಳಿ ದೀಪಾ ಹಚ್ಚತದೇನು?"

ಅವಳು ನಗಲಿಲ್ಲ. ಆಗ ಹೊಳಬಸಪ್ಪ ಕಂಪ್ಯೂಟರಿನ ಕಡೆ ತಿರುಗಿದ. ತಿದ್ದಿದ ಚಿತ್ರವನ್ನು ಮೂಲದ ಮೇಲೆಯೇ ಸೇವ್ ಮಾಡುವುದು ಅವನ ರೂಢಿ. ಅವಳು ಕೊಟ್ಟಿದ್ದ ಪೆನ್‌ಡ್ರೈವ್ ಹಾಕಿ ನೋಡಿದ. ಅಲ್ಲೂ ಕಪ್ಪೇ.

"ನಿನ್ನ ಕಡೆ ಇನ್ನೊಂದು ಅದ, ಹೌದಿಲ್ಲೊ?"

"ಕ್ಯಾಮೆರಾ ಗೆಳತಿಯದ್ದು. ಅವಳು ಕಾರ್ಡ್ ಖಾಲಿ ಮಾಡಿ ಆಯ್ತು."

ಅವನು ಕುರ್ಚಿ ಎಳೆದುಕೊಂಡು ಕುಳಿತ. ಅಷ್ಟು ವರ್ಷ ಕಸವೆಂದು ಒರೆಸಿದ ಬಣ್ಣ, ತಲೆಯ ಮೇಲೆ ದಿನಾ ರಾತ್ರಿ ಉರಿಯುತ್ತಿತ್ತೆಂದರೆ ನಂಬುವುದು ಹೇಗೆ? 

ಆಮೇಲೆ ನೆನಪಾಯಿತು. ರೇಟು ಕೇಳುವಾಗ ಅವಳು ವಾಟ್ಸಾಪಿನಲ್ಲಿ ಚಿತ್ರದ ಸಣ್ಣ ಪ್ರತಿ ಕಳಿಸಿದ್ದಳು. ಫೋನ್ ತೆಗೆದ. ಇತ್ತು: ಗುಡ್ಡದ ಹಿಂದೆ, ಗಾಳಿಗೆ ಅಲುಗಿದ ಕೆರೆ ನೀರಿನಂತೆ ಸಾಲುಸಾಲು ತೆಳು ಹಸಿರು. ದೊಡ್ಡದು ಮಾಡಿದರೆ ಚೂರುಚೂರಾಗುತ್ತಿತ್ತು. ಅಂಗೈಯಗಲಕ್ಕೆ ಪ್ರಿಂಟ್ ತೆಗೆದು, ಕಪ್ಪು ರಟ್ಟಿನ ನಡುವೆ ಅಂಟಿಸಿ, ಅದೇ ಮೂರಡಿ ಚೌಕಟ್ಟಿನಲ್ಲಿ ಕೂರಿಸಿದ.

"ತಪ್ಪು ನಂದವಾ," ಎಂದ. "ಒಂದ್ ಪೈಸಾನೂ ಬ್ಯಾಡ."

ಪ್ರದರ್ಶನದಲ್ಲಿ ಜನ ಬಗ್ಗಿ ನೋಡಬೇಕಾಯಿತು. ಹೊಳಬಸಪ್ಪನಿಗೆ ಹದಿನೆಂಟು ನೂರು ಹೋಯಿತು. ಪ್ರಣೀತಾಳಿಗೆ ಮೂರಡಿಯ ಆಕಾಶ ಹೋಯಿತು, ಅಂಗೈಯಗಲದ್ದು ಉಳಿಯಿತು.