ಕನ್ನಪ್ಪನ ಇಂಗ್ಲಿಷ್ ಹಾಡು

ಹೊಸನಗರದಲ್ಲಿ ಮೈಕ್ ಸೆಟ್ ಇಟ್ಟುಕೊಂಡಿದ್ದ ಕನ್ನಪ್ಪ ಒಂದು ಮದುವೆಗೆಂದು ತೀರ್ಥಹಳ್ಳಿಗೆ ಹೊರಟಿದ್ದ. ಆಂಪ್ಲಿಫೈಯರ್ ಪೆಟ್ಟಿಗೆ ಕಾಲಸಂದಿಯಲ್ಲಿ, ಮೈಕಿನ ಹಾರ್ನುಗಳು ಬಸ್ಸಿನ ಟಾಪಿನ ಮೇಲೆ. ಎಂಬತ್ತೊಂಬತ್ತರ ಆ ಬೇಸಿಗೆಯ ಹೊತ್ತಿಗೆ ಬಸ್ಸುಗಳಿಗೂ ಟೇಪ್‌ರೆಕಾರ್ಡರ್ ಬಂದಿತ್ತು. ಡ್ರೈವರು ಕೊನೆಯ ಹಾಡಿನ ಹತ್ತಿರ ನಿಂತಿದ್ದ ಕ್ಯಾಸೆಟ್ಟೊಂದನ್ನು ಹಾಕಿದ. ಗಿಟಾರು ಶುರುವಾದದ್ದೇ ಕನ್ನಪ್ಪನ ಬೆನ್ನು ನೆಟ್ಟಗಾಯಿತು.

ಅದು ಘಾಟಿ ಹತ್ತೋ ಹಾಡು. ಹೆಸರಿಟ್ಟವರು ಅವನೂ ಶ್ರೀಕೃಷ್ಣನೂ. ನಾಲ್ಕು ವರ್ಷದ ಕೆಳಗೆ ಇಬ್ಬರೂ ಸಾಗರದ ಒಂದೇ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂತು ಬೆಸುಗೆ ಹಾಕುತ್ತಿದ್ದರು. ಲಿಂಗನಮಕ್ಕಿ ಅಣೆಕಟ್ಟಿನ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಹೆಸರಿನ ರಟ್ಟಿಲ್ಲದ ಒಂದು ಕ್ಯಾಸೆಟ್ಟು ಕೊಟ್ಟು, "ಹೊಸ ರಾಕ್ ಹಾಡುಗಳು ಕಣ್ರಯ್ಯಾ, ಕೇಳ್ಕೊಳಿ" ಎಂದಿದ್ದರು. ಹಾಡಿದವರು ಯಾರೋ, ಏನು ಹಾಡುತ್ತಿದ್ದಾರೋ, ಒಂದೂ ತಿಳಿಯದು. ಆದರೆ ಮೊದಲ ಗೇರಿನಲ್ಲಿ ಹೊರಟ ಡ್ರಮ್ಮು, ತಿರುವು ತಿರುವಿಗೂ ಮೇಲೇರುವ ಗಂಟಲು, ನೆತ್ತಿ ಮುಟ್ಟಿದ ಮೇಲೆ ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳುವ ಸೊಲ್ಲು! ಒಮ್ಮೆ ಕೇಳಿದರೆ ದಿನವಿಡೀ ನಾಲಿಗೆ ಬಿಡುತ್ತಿರಲಿಲ್ಲ. ಇನ್ನೊಂದರಲ್ಲಿ ಹಿನ್ನೀರು ದಾಟುವ ಲಾಂಚು ಹೋಗಿಬಿಟ್ಟು ದಡದಲ್ಲೇ ಉಳಿದವನ ದುಃಖವಿತ್ತು, ಅದಕ್ಕೆ ಲಾಂಚು ತಪ್ಪಿದ ಹಾಡು ಎಂದು ಹೆಸರಿಟ್ಟಿದ್ದರು. ಅದನ್ನು ಕೇಳುವಾಗ ಶ್ರೀಕೃಷ್ಣ ಮುಖ ತಿರುಗಿಸಿಕೊಳ್ಳುತ್ತಿದ್ದ.

ಬಸ್ಸಿನಲ್ಲಿ ಹಾಡು ಮುಗಿಯಿತು. ಒಂದು ಕ್ಷಣ ಬರೀ ಗುಯ್‌ಗುಟ್ಟುವ ಸದ್ದು.

"ಹಲೋ, ಹಲೋ. ನಾನು ಹೊಸನಗರದ ಕನ್ನಪ್ಪ."

ಟಕ್.

"ಆಯ್ ಮೋ ನಾಯ್... ಓ ವರ್ ದ ಸಾಯ್... ಡುಂಯ್ ಡುಂಯ್ ಡುಂಯ್!"

ಬಸ್ಸಿಗೆ ಬಸ್ಸೇ ನಕ್ಕಿತು. ಮುಂದಿನ ಸೀಟಿನ ಹೆಂಗಸು ಸೆರಗು ಬಾಯಿಗೊತ್ತಿಕೊಂಡು, "ಅಯ್ಯಪ್ಪಾ, ಗಿಟಾರೂ ಇವ್ನೇ ಬಾಯಲ್ಲೇ ಬಾರಿಸ್ತಾನೆ ಕಣೇ" ಎಂದಳು.

ಕಂಡಕ್ಟರ್ ಬಂದು, "ಎಲ್ಲಿಗೆ?" ಎಂದ.

"ತೀರ್ಥಹಳ್ಳಿ, ಒಂದು."

ಆ ಹೆಂಗಸು ಗಕ್ಕನೆ ತಿರುಗಿದಳು. "ಇದೇ ದನಿ! ಇವ್ರೇ ಕಣ್ರೋ!"

"ಸ್ವಾಮೀ, ಇನ್ನೊಂದ್ಸಲ ಡುಂಯ್ ಅನ್ನಿ" ಎಂದು ಹಿಂದಿನಿಂದ ಯಾರೋ ಕೂಗಿದರು.

ಕನ್ನಪ್ಪನಿಗೆ ಅವರ ನಗು ಅಷ್ಟಾಗಿ ನಾಟಲಿಲ್ಲ. ನಾಟಿದ್ದು ಆ ಟಕ್. ಬೇರೆಯವರಿಗೆ ಅದು ಗಾಡಿ ಕುಲುಕಿದ ಸದ್ದು. ಅವನಿಗೆ ಅದು ರೆಕಾರ್ಡಿಂಗನ್ನು ನಡುವೆ ತಡೆದು ನಿಲ್ಲಿಸುವ ಪಾಸ್ ಬಟನ್ ಒತ್ತಿ ಬಿಟ್ಟ ಸದ್ದು. ಆ ಜಾಗದಲ್ಲಿ ಒಂದು ಮಾತಿತ್ತು. ಶ್ರೀಕೃಷ್ಣ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವನಿಗೆ ನಗು ಬರಲೆಂದು ಕನ್ನಪ್ಪ ಎಂಜಿನಿಯರರ ಆ ಕ್ಯಾಸೆಟ್ಟಿನ ಕೊನೆಯಲ್ಲಿ ಖಾಲಿ ಉಳಿದಿದ್ದ ಟೇಪಿಗೆ ಘಾಟಿ ಹತ್ತೋ ಹಾಡನ್ನೇ ತನಗೆ ಕೇಳಿಸಿದಂತೆ ಹಾಡಿದ್ದ. ಹಾಡುವ ಮೊದಲು, "ಕೃಷ್ಣಾ, ಬೇಗ ಎದ್ದು ಬಾರೋ. ನೀನಿಲ್ದೆ ಅಂಗಡೀಲಿ ಕೂರಕ್ಕಾಗಲ್ಲ ಮಾರಾಯಾ" ಎಂದಿದ್ದ.

ಮದುವೆ ಮುಗಿಸಿ, ಮಾರನೇ ದಿನ ಸಾಗರಕ್ಕೆ ಹೋದ. ಶ್ರೀಕೃಷ್ಣನದು ಈಗ ಸ್ವಂತ ರೆಕಾರ್ಡಿಂಗ್ ಅಂಗಡಿ. ಗೋಡೆಯ ಪಟ್ಟಿಯಲ್ಲಿ ಅವನದೇ ದುಂಡು ಅಕ್ಷರ: ಇಂಗ್ಲಿಷ್ ರಾಕ್, ಕಾಮಿಡಿ ಸಮೇತ.

"ಓಹೋ, ಬಾರೋ ಬಾರೋ! ಟೀ ಹೇಳ್ಲಾ?"

"ನನ್ನ ಹಾಡು ಬಸ್ಸಿಗೆ ಹೆಂಗೆ ಬಂತು?"

ಶ್ರೀಕೃಷ್ಣ ತಲೆ ಕೆರೆದುಕೊಂಡ. "ಅದು ಕಾಪಿ ಮಾಡುವಾಗ ಕೈತಪ್ಪಿ ಸೇರ್ಕೊಂತು ಕಣಾ. ಆಮೇಲೆ ಜನ ಅದನ್ನೇ ಕೇಳಿ ತಗೊಳ್ಳೋಕೆ ಶುರು ಮಾಡಿದ್ರು. ನೀನೀಗ ಮೂರು ತಾಲೂಕಿಗೂ ಫೇಮಸ್ಸು!"

"ಕೈತಪ್ಪಿ ಸೇರ್ಕೊಂತಾ?"

"ದೇವ್ರಾಣೆ."

"ಹಂಗಾದ್ರೆ ನಿನ್ನ ಹೆಸ್ರು ಎಲ್ಲಿ ಹೋಯ್ತು?"

ಶ್ರೀಕೃಷ್ಣನ ಕೈ ಟೇಪ್ ಡೆಕ್ಕಿನ ಮೇಲಿತ್ತು. ಹೆಬ್ಬೆರಳು ಪಾಸ್ ಬಟನ್ನಿನ ಹತ್ತಿರವೇ. ಅವನು ಅದನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

"ಕಾಮಾಲೆ, ಆಸ್ಪತ್ರೆ, ಅದೆಲ್ಲಾ ಊರಿಗೆ ಯಾಕೆ ಅಂತ..." ಎಂದು ನಿಲ್ಲಿಸಿದ. "ನಿಂಗೆ ಬೇಜಾರಾಗಲ್ಲ ಅಂದ್ಕೊಂಡೆ. ನೀನು ಯಾವಾಗ್ಲೂ ತಮಾಷೆ ಮಾಡ್ತಿರ್ತೀಯಲ್ಲ."

"ಮೂಲದ ಕ್ಯಾಸೆಟ್ಟು ಕೊಡು."

ಕೊಟ್ಟ. ಮೇಲೊಂದು ಹೊಸ ಖಾಲಿ ಕ್ಯಾಸೆಟ್ಟನ್ನೂ ಇಟ್ಟ. ಕನ್ನಪ್ಪ ಅದನ್ನು ಅಲ್ಲೇ ಬಿಟ್ಟು, ಹಳೆಯದನ್ನಷ್ಟೇ ಜೇಬಿಗಿಳಿಸಿ ಬಸ್‌ಸ್ಟ್ಯಾಂಡಿಗೆ ನಡೆದ.

ಹೊಸನಗರದ ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಅದೇ ಗಿಟಾರು ಬಂತು. ಕೇಳಬಾರದೆಂದು ಕಿಟಕಿಯತ್ತ ತಿರುಗಿದ. ಆದರೂ ಗಂಟಲು ಮೇಲೇರುತ್ತಿದ್ದಂತೆ ಅವನ ಕಾಲು ತಾನಾಗಿ ತಾಳ ಹಾಕತೊಡಗಿತ್ತು. ಹಾಡು ನೆತ್ತಿ ಮುಟ್ಟಿದಾಗ ಹಿಂದಿನ ಸೀಟಿನ ಕಾಲೇಜು ಹುಡುಗಿಯರಿಬ್ಬರು ದನಿಗೂಡಿಸಿದರು: "ಆಯ್ ಮೋ ನಾಯ್, ಓ ವರ್ ದ ಸಾಯ್..." ಅವರು ನಗುತ್ತಿರಲಿಲ್ಲ. ಹಾಡಿನ ನಿಜವಾದ ಮಾತೇ ಅದೆಂದುಕೊಂಡು ಕಣ್ಣು ಮುಚ್ಚಿ ಹಾಡುತ್ತಿದ್ದರು.

ಕಂಡಕ್ಟರ್ ಬಂದು ನಿಂತ. "ನಿಮ್ದು ಎಲ್ಲಿಗೆ?"

ಕನ್ನಪ್ಪ ಬಾಯಿ ತೆರೆದವನು, ಹಿಂದಿನಿಂದ ಹುಡುಗಿಯರ ದನಿ ಕೇಳಿ, ಹಾಗೇ ಮುಚ್ಚಿಕೊಂಡ. ನೋಟು ಚಾಚಿ, ಬಸ್ಸು ಹೋಗುತ್ತಿದ್ದ ದಿಕ್ಕಿಗೆ ಕೈ ತೋರಿಸಿದ.

"ಮಾತು ಬರಲ್ವೇನ್ರೀ ನಿಮ್ಗೆ?"

ಇಲ್ಲವೆಂದು ತಲೆಯಾಡಿಸಿದ.