ಮೆಲನಿಗೆ ಬೇಕಿದ್ದ ಚಿನ್ನದ ಬೂಟು

ಆ ಬೂಟು ನೋಡಿದರೆ ಯಾರೂ ಆಸೆಪಡುವಂತಿರಲಿಲ್ಲ. ಆನ್ಸೆಲ್ಮ್ ಅಂಕಲ್ ತಮ್ಮದೇ ಹಳೆಯ ಫುಟ್‌ಬಾಲ್ ಬೂಟಿಗೆ ಚಿನ್ನದ ಬಣ್ಣ ಬಳಿದು, ಇಂಡಸ್ಟ್ರಿಯಲ್ ಏರಿಯಾದ ಬಡಗಿಯೊಬ್ಬನಿಂದ ಮರದ ಪೀಠ ಮಾಡಿಸಿದ್ದರು, ಅಷ್ಟೆ. ಪಂದ್ಯಾವಳಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದವಳಿಗೆ ಅದೇ ಬಹುಮಾನ. ಆದರೂ ಮೆಲನಿಗೆ ಅದು ಬೇಕೇ ಬೇಕಿತ್ತು. ಹಿಂದಿನ ವರ್ಷ ಬಸುರಿಯಾಗಿ ಮೈದಾನದ ಹೊರಗೆ ಕುಳಿತು ಚಪ್ಪಾಳೆ ತಟ್ಟಿದವಳು ಅವಳು. ಮಗುವಾದ ಮೇಲೆ ಇನ್ನೆಂಥ ಆಟ ಎಂದು ಬಿಟ್ಟಿ ಸಲಹೆ ಕೊಟ್ಟವರ ಬಾಯಿ ಮುಚ್ಚಿಸಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಕಾಲು ಇನ್ನೂ ತನ್ನ ಮಾತು ಕೇಳುತ್ತದೆಂದು ಅವಳಿಗೇ ಖಾತ್ರಿಯಾಗಬೇಕಿತ್ತು.

ದೋಹಾದ ಕನ್ನಡದ ಹೆಂಗಸರ ಈ ಪಂದ್ಯಾವಳಿ ಚಳಿಗಾಲದ ಶುಕ್ರವಾರಗಳಂದು ಮುಐದರ್‌ನ ಬಾಡಿಗೆ ಮೈದಾನದಲ್ಲಿ ನಡೆಯುತ್ತಿತ್ತು. ಅದರ ಉಸ್ತುವಾರಿ ಆನ್ಸೆಲ್ಮ್ ಅಂಕಲ್‌ರದು. ಯುರೋಪಿನ ಯಾವ ಲೀಗಿನಲ್ಲಿ ಯಾವ ವರ್ಷ ಯಾರು ಹೆಚ್ಚು ಗೋಲು ಹೊಡೆದರೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವ ಮನುಷ್ಯ. ತಂಡಕ್ಕೆ ಏಳೇ ಜನರಿರುವ ಈ ಆಟಕ್ಕೂ ಅವರಿಗೆ ಅಲ್ಲಿಯ ನಿಯಮಗಳೇ ಆಗಬೇಕು.

ಮೆಲನಿಯ ಮಗಳು ಮಾತ್ರ ಯಾವ ನಿಯಮಕ್ಕೂ ಸೊಪ್ಪು ಹಾಕುತ್ತಿರಲಿಲ್ಲ. ಎಂಟು ತಿಂಗಳ ಆ ಪುಟ್ಟ ದೊರೆಸಾನಿ ಬಾಟಲಿಯನ್ನು ಮೂಸಿಯೂ ನೋಡುವವಳಲ್ಲ. ಪಂದ್ಯದ ನಡುವೆ ಅಪ್ಪ ಗ್ಯಾವಿನ್‌ನ ತೋಳಿನಲ್ಲಿ ಅವಳು ರಾಗ ತೆಗೆದಳೆಂದರೆ ಮೆಲನಿಯ ಆಟ ಖಲಾಸ್. ಮೆಲನಿ ಕಾರಿಗೆ ಓಡುತ್ತಿದ್ದಳು, ಅವಳ ಜಾಗಕ್ಕೆ ಸಹನಾ ಇಳಿಯುತ್ತಿದ್ದಳು. ಮೈಸೂರಿನ ಈ ಸಹನಾ ಮೆಲನಿಯ ಆಫೀಸಿನವಳೇ. ಚೆಂಡು ತನ್ನತ್ತ ಬಂದರೆ ಕಣ್ಣು ಮುಚ್ಚಿಕೊಳ್ಳುವಷ್ಟು ಪುಕ್ಕಲಿ. ಆದರೆ ಮಗು ಮುಖ ಕಿವುಚುವಷ್ಟರಲ್ಲಿ, ಯಾರೂ ಕರೆಯದೆಯೇ, ಗೆರೆಯ ಬಳಿ ಬಂದು ನಿಂತಿರುತ್ತಿದ್ದಳು. ಅವಳು ಬಂದು ನಿಂತಾಗಲೆಲ್ಲ ಮೆಲನಿಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಕೊನೆಯ ಪಂದ್ಯದಲ್ಲಿ ಮೆಲನಿಯ ತಂಡ ಎರಡು ಗೋಲು ಮುಂದಿತ್ತು. ಪಂದ್ಯಾವಳಿಯ ಗೋಲುಗಳ ಲೆಕ್ಕದಲ್ಲಿ ಮಾತ್ರ ಅವಳೂ ಎದುರು ತಂಡದ ಶಾಹಿನಾಳೂ ಸರಿಸಮ. ಆಗ ಪೆನಾಲ್ಟಿ ಸಿಕ್ಕಿತು. ತಂಡದವರು ಚೆಂಡನ್ನು ಮೆಲನಿಯ ಕೈಗೇ ಇಟ್ಟರು. ಇದೊಂದು ಹೊಡೆದರೆ ಬೂಟು ಅವಳದು. ಆದರೆ ಎದುರು ತಂಡದ ಗೋಲ್‌ಕೀಪರ್ ಕಾಲು ಉಳುಕಿಸಿಕೊಂಡು ಕುಳಿತಿದ್ದಳು, ಅವಳು ಏಳುವ ತನಕ ಕಾಯಬೇಕಿತ್ತು. ಅಷ್ಟರಲ್ಲಿ ಮಗು ಅತ್ತಿತು.

"ಹೊಡೆದೇ ಬಾ ಮಾರಾಯ್ತಿ! ಎರಡು ನಿಮಿಷ ನಾನು ನೋಡ್ಕೊಳ್ತೇನೆ!" ಗ್ಯಾವಿನ್ ಕೂಗಿದ.

ಎರಡಲ್ಲ, ನಾಲ್ಕು ನಿಮಿಷವಾದರೂ ಗೋಲ್‌ಕೀಪರ್ ಏಳಲಿಲ್ಲ. ಮಗುವಿನ ಅಳು ಬಿಕ್ಕಳಿಕೆಗೆ ತಿರುಗಿತು. ಮೆಲನಿಯ ಜೆರ್ಸಿ ಎದೆಯ ಬಳಿ ಒದ್ದೆಯಾಯಿತು. ಇನ್ನು ನಿಲ್ಲಲಾಗದೆ ಗೆರೆಯ ಬಳಿ ಬಂದು, ಚೆಂಡನ್ನು ಸಹನಾಳ ಕೈಗೆ ತುರುಕಿದಳು.

"ನೀನೇ ಹೊಡಿ."

"ನಾನಾ? ಅಯ್ಯೋ, ಬೇಡ ಅಕ್ಕ!"

ಮೆಲನಿ ಆಗಲೇ ಓಡಿದ್ದಳು. ಕಾರಿನಲ್ಲಿ ಹಾಲು ಕುಡಿಸುತ್ತಿರುವಾಗ ಚೆಂಡು ಗೋಲಿನ ಮೇಲಿಂದ, ಬೇಲಿಯ ಮೇಲಿಂದ ಹಾರಿ ಬಂದು ಪಾರ್ಕಿಂಗಿನಲ್ಲಿ ಪುಟಿಯಿತು. ಮೊದಲು ಅವಳಿಗೆ ನಗು ಬಂತು. ಆಮೇಲೆ, ಸಮವಾದರೆ ಬೂಟು ಪೂರ್ತಿ ಹೊತ್ತು ಆಡಿದ ಶಾಹಿನಾಳಿಗೇ ಹೋಯಿತಲ್ಲ ಎಂದು ಚೆನ್ನಾಗಿ ಅತ್ತಳು.

ಪಂದ್ಯಾವಳಿಯ ಕಪ್ಪು ಅವರ ತಂಡಕ್ಕೇ ಬಂತು. ಬಹುಮಾನದ ಹೊತ್ತಿಗೆ ಸಹನಾಳ ಮುಖದಲ್ಲಿ ಕಳೆಯೇ ಇರಲಿಲ್ಲ. "ಸಾರಿ ಅಕ್ಕ, ನನ್ನಿಂದ ನಿಮ್ಮ ಬೂಟು ಹೋಯ್ತು" ಎಂದಳು. ಅಷ್ಟರಲ್ಲಿ ಆನ್ಸೆಲ್ಮ್ ಅಂಕಲ್ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡರು.

"ಮೆಲನಿ, ಶಾಹಿನಾ, ಇಬ್ಬರ ಗೋಲೂ ಸಮ. ಗೋಲಿಗೆ ಕೊಟ್ಟ ಪಾಸುಗಳೂ ಸಮ. ಎರಡು ಸಾವಿರದ ಹನ್ನೆರಡರ ಯೂರೋ ಕಪ್ಪಿನಲ್ಲೂ ಹೀಗೇ ಆಗಿತ್ತು. ಆಗ ಕಡಿಮೆ ಹೊತ್ತು ಆಡಿದವನಿಗೆ ಬೂಟು ಕೊಟ್ಟರು. ನಮ್ಮಲ್ಲೂ ಅದೇ ರೂಲ್ ಉಂಟು. ಮೆಲನಿ, ಯಲ್ಲಾ, ಬಾ!"

ಮೆಲನಿ ನಿಂತಲ್ಲೇ ನಿಂತಳು. ಶಾಹಿನಾ ಬಂದು ಅವಳ ತೋಳಿನಿಂದ ಮಗುವನ್ನು ಎತ್ತಿಕೊಂಡು, "ಹೋಗಿ, ಹೋಗಿ. ನನ್ನನ್ನು ಸೋಲಿಸಿದ್ದು ಇವಳೇ ಅಲ್ವಾ?" ಎಂದು ನಕ್ಕಳು.

ಬೂಟು ಕೈಗೆ ಬಂದಾಗ ಮೆಲನಿ ತನ್ನ ತಂಡದವರತ್ತ ತಿರುಗಿದಳು. ಪ್ರತಿ ವಾರ ಅರ್ಧಕ್ಕೆ ಆಟ ಬಿಟ್ಟು ಹೋಗಲು ಎಷ್ಟು ನಾಚಿದ್ದಳು! ಆಗೆಲ್ಲ ಬಿಸಿಲಲ್ಲಿ ಓಡಿ, ಚೆಂಡು ಬಿಟ್ಟು, ಎಲ್ಲರಿಂದ ಬೈಸಿಕೊಂಡ ಸಹನಾ ಅಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಅವಳಿಗೆ ಒಮ್ಮೆಯೂ ಥ್ಯಾಂಕ್ಸ್ ಹೇಳಿರಲಿಲ್ಲ. ಮೆಲನಿ ನೇರವಾಗಿ ಹೋಗಿ ಬೂಟನ್ನು ಸಹನಾಳ ಮಡಿಲಿಗೆ ಹಾಕಿದಳು.

"ನಂಗ್ಯಾಕೆ ಅಕ್ಕ? ನಾನು ಒಂದು ಗೋಲೂ ಹೊಡೀಲಿಲ್ಲ."

"ಅವರು ಬೂಟು ಕೊಟ್ಟದ್ದು ನಾನು ಆಡದ ಹೊತ್ತಿಗೆ ಮಾರಾಯ್ತಿ," ಎಂದಳು ಮೆಲನಿ. "ಆ ಹೊತ್ತೆಲ್ಲ ಆಡಿದ್ದು ನೀನಲ್ವಾ?"